ತಗಡಿನ ದನಿಗಳ ನಡುವೆ ಒಂದು ಬಾಣಂತನ

ಹೋದ ವಾರ ಪಕ್ಕದ ಮನೆಯವರು ಎಳೆಮಗುವಿಗೆ ಹೊಗೆ ಹಾಕಿದರು. ಕೆಂಡದ ಮೇಲೆ ಓಮ, ಬೆಳ್ಳುಳ್ಳಿ ಸಿಪ್ಪೆ, ಸಾಂಬ್ರಾಣಿ. ಆ ವಾಸನೆ ಗೋಡೆ ದಾಟಿ ಬಂದ ಕೂಡಲೇ ನಾನು ಸೆರಗಿನಿಂದ ಮೂಗು ಮುಚ್ಚಿಕೊಂಡೆ. "ಚೆನ್ನಾಗೇ ಇದೆಯಲ್ಲಜ್ಜಿ, ಯಾಕೆ ಮುಖ ಹಂಗೆ ಮಾಡ್ತೀಯ" ಎಂದು ಭೂಮಿ ಕೇಳಿದಳು. ಅವಳ ತಮ್ಮ ಗಗನ ನನ್ನ ಮುಖವನ್ನು ಅಣಕಿಸಿ ನಕ್ಕ. ನಾನು ಉತ್ತರ ಕೊಡದೆ ಒಳಗೆ ಹೋದೆ. ಬಾಯಿಬಿಟ್ಟು ಹೇಳುವುದೆಂದರೆ ನನಗೆ ಮೊದಲಿನಿಂದಲೂ ನಾಚಿಕೆ. ಕೊಳಾಲದ ಹತ್ತಿರ ನಮ್ಮೂರ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಓದಿದೆ. ಅಲ್ಲಿಯೂ ಮೇಷ್ಟ್ರು ಪ್ರಶ್ನೆ ಕೇಳಿದರೆ ಉತ್ತರವನ್ನು ಸ್ಲೇಟಿನ ಮೇಲೆ ಬರೆದು ಎತ್ತಿ ಹಿಡಿಯುತ್ತಿದ್ದೆ. ಅದಕ್ಕೇ ಇದನ್ನೂ ಬರೆಯುತ್ತಿದ್ದೇನೆ. ಭೂಮಿ, ಇದು ನೀನು ಹುಟ್ಟಿದ ವರ್ಷದ ಕತೆ. ಗಗನ, ನೀನು ಆಗ ಇರಲಿಲ್ಲ. ಆದರೂ ಓದು.

ನನ್ನ ಕಿವಿಯ ಹಿಂದಿನ ಮೆಷಿನ್ನನ್ನೂ ತಲೆಗೆ ಅಂಟಿಕೊಂಡಿರುವ ಬಿಲ್ಲೆಯನ್ನೂ ನೀವು ಹುಟ್ಟಿದಾಗಿನಿಂದ ನೋಡಿದ್ದೀರಿ. ಅಜ್ಜಿಯರಿಗೆಲ್ಲ ಇದು ಇರುತ್ತದೆ ಎಂದು ಗಗನ ಅಂಗನವಾಡಿಯಲ್ಲಿ ಹೇಳಿ ಬಂದಿದ್ದ. ಅದಕ್ಕೆ ಮುಂಚೆ ನಾನು ಪೂರಾ ಕಿವುಡಿಯಾಗಿದ್ದೆ. ನಿಮ್ಮ ಅಮ್ಮ ಶೋಭಾ ಹೈಸ್ಕೂಲಿನಲ್ಲಿದ್ದಾಗ ನನಗೊಂದು ದೊಡ್ಡ ಜ್ವರ ಬಂತು. ಜ್ವರ ಹೋಯಿತು, ಹೋಗುವಾಗ ಎರಡೂ ಕಿವಿಯನ್ನು ಕರೆದುಕೊಂಡು ಹೋಯಿತು. ಆಮೇಲೆ ನಾನು ಜನರ ತುಟಿ ನೋಡಿ ಬದುಕಿದೆ. ನಿಮ್ಮ ತಾತ ಮಧುಗಿರಿಯಿಂದ ಪಾವಗಡಕ್ಕೆ ಓಡುವ ಪ್ರೈವೇಟ್ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದರು. ಅವರು ತೀರಿಕೊಂಡಾಗಲೂ ನಾನು ಕಿವುಡಿಯೇ. ಅವರ ದನಿ ನನ್ನ ಹತ್ತಿರ ಇದ್ದದ್ದು ಜ್ವರಕ್ಕಿಂತ ಹಿಂದಿನ ನೆನಪಾಗಿ ಮಾತ್ರ. ಬಸ್ಸಿನ ಬಾಗಿಲಲ್ಲಿ ನಿಂತು "ಮಧುಗಿರಿ, ಮಿಡಿಗೇಶಿ, ಪಾವಗಡ" ಎಂದು ಎಳೆದು ಕೂಗುತ್ತಿದ್ದ ದನಿ. ಅವರು ಹೋದಮೇಲೆ ಪಾತ್ರೆ ತೊಳೆಯುವಾಗ ಆ ಕೂಗನ್ನು ತಲೆಯೊಳಗೆ ಹಾಕಿಕೊಂಡು ಕೇಳುತ್ತಿದ್ದೆ. ಯಾರಿಗೂ ಗೊತ್ತಿರಲಿಲ್ಲ.

ಶೋಭಾ ಮಧುಗಿರಿಯಲ್ಲಿ ಟೀಚರ್ ಆದಳು, ಮದುವೆಯಾಯಿತು, ಹೊಟ್ಟೆಯಲ್ಲಿ ಭೂಮಿ ನಿಂತಳು. ಚೊಚ್ಚಲ ಹೆರಿಗೆ ತವರಿನದು. ಮಗಳ ಬಾಣಂತನ ಮಾಡದ ತಾಯಿಯನ್ನು ನಮ್ಮ ಕಡೆ ಜನ ತಾಯಿ ಎಂದು ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ. ಆದರೆ ಮಗು ಅತ್ತರೆ ಕೇಳಿಸದವಳು ಬಾಣಂತನ ಮಾಡುವುದು ಹೇಗೆ? ಈ ಪ್ರಶ್ನೆಯನ್ನು ಎಲ್ಲರೂ ನನ್ನ ಮುಂದೆಯೇ ಮಾತಾಡಿಕೊಂಡರು, ಎಮ್ಮೆಯ ಮುಂದೆ ಎಮ್ಮೆಯ ವ್ಯಾಪಾರ ಮಾತಾಡಿದ ಹಾಗೆ. ಶೋಭಾ ಮೊದಲೇ ಓಡಾಡಿ ಕಾಕ್ಲಿಯರ್ ಇಂಪ್ಲಾಂಟ್ ಎಂಬ ಆಪರೇಷನ್ನಿಗೆ ಹೆಸರು ಬರೆಸಿದ್ದಳು. ಆಷಾಢದಲ್ಲಿ ಬೆಂಗಳೂರಿನ ಆಸ್ಪತ್ರೆಯಲ್ಲಿ ನನ್ನ ತಲೆಯ ಒಂದು ಪಕ್ಕ ಬೋಳಿಸಿದರು, ಕಿವಿಯ ಹಿಂದೆ ಕೊಯ್ದರು, ಒಳಗಿನ ಬಸವನಹುಳುವಿನಂಥ ಸುರುಳಿಯೊಳಗೆ ಕೂದಲಿನಂಥ ತಂತಿ ಇಟ್ಟು ಹೊಲಿದರು. ಔಷಧಿಯ ವಾಸನೆ, ಒಣಗಿದ ರಕ್ತ ಅಂಟಿದ ದಿಂಬು, ಪಕ್ಕದ ಮಂಚದವರ ಉಗುಳು ಬಟ್ಟಲು. ಅಲ್ಲಿ ಊಟದ ತಟ್ಟೆಯನ್ನು ಹಾಗೇ ವಾಪಸ್ ಕಳಿಸುತ್ತಿದ್ದೆ.

ಗಾಯ ಮಾಗಿದ ಮೇಲೆ, ಶ್ರಾವಣದಲ್ಲಿ, ಹೊರಗಿನ ಮೆಷಿನ್ ಹಾಕಿ ಸ್ವಿಚ್ ಒತ್ತಿದರು. ಒತ್ತಿದವಳು ಚಿಕ್ಕ ವಯಸ್ಸಿನ ಹುಡುಗಿ. ನಾವು ಅವಳನ್ನು ಕಿವಿ ಮೇಡಂ ಎನ್ನುತ್ತಿದ್ದೆವು. ನಾನು ಮಾತು ಕೇಳಿಸುತ್ತದೆ ಎಂದು ಕೂತಿದ್ದೆ. ಬಂದದ್ದು ತಗಡಿನ ಡಬ್ಬಿಯಲ್ಲಿ ಮೊಳೆ ಹಾಕಿ ಅಲ್ಲಾಡಿಸಿದ ಸದ್ದು. ಮೇಡಂ ತುಟಿ ಆಡಿಸಿದರೆ ಅದೇ ಸದ್ದು, ಶೋಭಾ ಅತ್ತರೆ ಅದೇ ಸದ್ದು, ಮೇಲೆ ಫ್ಯಾನಿನದೂ ಅದೇ. ನನ್ನ ಬಾಯಿಂದ ಬಂದ ಮಾತು ಬಾತುಕೋಳಿಯ ಕೂಗಿನಂತೆ ನನ್ನ ತಲೆಯೊಳಗೇ ಬಡಿಯಿತು. ವಾಂತಿ ಬಂದಂತಾಗಿ ಸೆರಗನ್ನು ಬಾಯಿಗೆ ಒತ್ತಿಕೊಂಡೆ. ನಿಮ್ಮಮ್ಮ ಓಡಿ ಹೋಗಿ ಪ್ಲಾಸ್ಟಿಕ್ ಕವರ್ ತಂದಳು.

ಮೇಡಂ ಒಂದು ಹಾಳೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದು ತೋರಿಸಿದಳು: "ಕೇಳುವುದು ಕಿವಿ ಅಲ್ಲ, ಮಿದುಳು. ನಿಮ್ಮ ಮಿದುಳಿಗೆ ಇದು ಹೊಸ ಭಾಷೆ. ದಿನವೆಲ್ಲಾ ಹಾಕಿಕೊಂಡಿರಿ. ಕಲಿಯುತ್ತದೆ." ಇದು ನನಗೆ ಬೇಗ ಅರ್ಥವಾಯಿತು. ಕೊರಟಗೆರೆ ಸೀಮೆಯಿಂದ ವೈ.ಎನ್.ಹೊಸಕೋಟೆ ಕಡೆಗೆ ಮದುವೆಯಾಗಿ ಬಂದಾಗ ಈ ಮನೆಯ ತೆಲುಗು ನನಗೆ ಕಪ್ಪೆಗಳ ವಟವಟವಾಗಿತ್ತು. ಯಾರೂ ಕಲಿಸಲಿಲ್ಲ. ಒಂದು ವರ್ಷ ಒಲೆಯ ಮುಂದೆ ಕೂತಿದ್ದೆ, ಒಂದು ದಿನ ವಟವಟದಿಂದ ಮಾತು ಉದುರಿತು.

ಊರಿಗೆ ಬಂದ ದಿನ ಜನ ಸೇರಿದರು. ಕನ್ನಡಕ ಹಾಕಿದ ಕೂಡಲೇ ಕಾಣುವ ಹಾಗೆ ಮೆಷಿನ್ ಹಾಕಿದ ಕೂಡಲೇ ಕೇಳಿಸುತ್ತದೆ ಎಂದು ಎಲ್ಲರ ಲೆಕ್ಕ. ಒಬ್ಬರಾದ ಮೇಲೆ ಒಬ್ಬರು ನನ್ನ ಕಿವಿಯ ತೂತಿಗೇ ಬಾಯಿಟ್ಟು "ನಾನ್ಯಾರು ಹೇಳು" ಎಂದು ಕೂಗಿದರಂತೆ. ಮೆಷಿನ್ನಿನ ಕಿವಿ ಇರುವುದು ಮೇಲುಗಡೆ, ತೂತಿನಲ್ಲಲ್ಲ. ನನಗೆ ಸಿಕ್ಕಿದ್ದು ಎಲೆಅಡಿಕೆ, ಹೊಗೆಸೊಪ್ಪು, ಹುಳುಕು ಹಲ್ಲು ಇವುಗಳ ನಾತ ಮತ್ತು ಕೆನ್ನೆಯ ಮೇಲೆ ಎಂಜಲಿನ ಹನಿ. ನಾಚಿಕೆಯಿಂದ ಒರೆಸಿಕೊಳ್ಳಲೂ ಇಲ್ಲ. ಕೊನೆಗೆ ನನ್ನ ಓರಗಿತ್ತಿ ಲಕ್ಷ್ಮಕ್ಕ, ತಾತನ ಅಣ್ಣನ ಹೆಂಡತಿ, ಎದುರಿಗೆ ಬಂದು ನಿಂತಳು. "ಏಮಮ್ಮಾ ಗಂಗಮ್ಮ, ಇನಪಡ್ತಾ ಉಂದಾ?" ಕೇಳಿಸುತ್ತದಾ ಎಂದು ಕೇಳುತ್ತಿದ್ದಾಳೆಂದು ತುಟಿಯಿಂದ ತಿಳಿದೆ. ಇಲ್ಲವೆಂದು ತಲೆ ಅಲ್ಲಾಡಿಸಿದೆ. ಅವಳು ಎಲ್ಲರ ಕಡೆ ತಿರುಗಿ ಕೈ ಕೊಡವಿದಳು.

ಆದರೆ ಲಕ್ಷ್ಮಕ್ಕ ಉಪಚಾರ ಬಿಡಲಿಲ್ಲ. ತಲೆ ಕೊಯ್ದಿದ್ದಾರೆ, ಒಳಗೆ ಗಾಳಿ ಹೋದರೆ ಸನ್ನಿಯಾಗುತ್ತದೆ ಎಂದು ನನ್ನನ್ನು ಬಾಣಂತಿಯಂತೆಯೇ ಇಟ್ಟಳು. ಮೆಣಸಿನ ಸಾರು, ಬೆಳ್ಳುಳ್ಳಿ ಸುಟ್ಟದ್ದು, ಸಂಜೆ ಹೊಗೆ. ಎರಡೂ ಕಿವಿಗೆ ಹತ್ತಿ ತುರುಕಿ, ಹಳೇ ಪಂಚೆಯ ಬಟ್ಟೆಯನ್ನು ಮೆಷಿನ್ನಿನ ಮೇಲೇ ಬಿಗಿಯಾಗಿ ಸುತ್ತಿ ಕಟ್ಟಿದಳು. ಆ ಕ್ಷಣದಿಂದ ನನ್ನ ತಲೆಯೊಳಗೆ ಬೀಸುವ ಕಲ್ಲು ತಿರುಗತೊಡಗಿತು. ತಲೆ ಆಡಿಸಿದರೆ ಗರಗರ, ಅಗಿದರೆ ಗರಗರ. ಬಟ್ಟೆಯೊಳಗೆ ಬೆವರು, ಎಣ್ಣೆ, ಓಮದ ಹೊಗೆ ಸೇರಿ ಮಾಗಿದ ಗಾಯದ ಸುತ್ತ ಹುಳಿನಾತ. ಮೆಷಿನ್ ಎಂದರೆ ಇದೇ ಇರಬೇಕು ಎಂದು ಸುಮ್ಮನೆ ಸಹಿಸಿದೆ. ಬಿಚ್ಚಿ ಎನ್ನಲು ಸಂಕೋಚ.

ಗೌರಿ ಹಬ್ಬ ಕಳೆದ ಮೇಲೆ ಶೋಭಾ ಮತ್ತೆ ಬೆಂಗಳೂರಿಗೆ ಕರೆದುಕೊಂಡು ಹೋದಳು. ಕಿವಿ ಮೇಡಂ ಬಟ್ಟೆಯ ಸಂದಿಯಿಂದ ಮೆಷಿನ್ನನ್ನು ಎಳೆದುಕೊಂಡು ಕಂಪ್ಯೂಟರಿಗೆ ಸಿಕ್ಕಿಸಿ ನೋಡಿದಳು. ಅದರಲ್ಲಿ ಒಳಗೆ ಏನೇನು ಹೋಗಿದೆ ಎಂಬುದು ಗೊತ್ತಾಗುತ್ತದಂತೆ. "ದಿನವೆಲ್ಲಾ ಹಾಕ್ಕೊಂಡಿದೀರ, ಮಾತು ಮಾತ್ರ ಒಳಗೆ ಹೋಗೇ ಇಲ್ಲ, ಬರೀ ಸದ್ದು" ಎಂದಳಂತೆ. ಬಟ್ಟೆ ಮೆಷಿನ್ನಿಗೆ ಉಜ್ಜಿದ ಸದ್ದದು; ಶೋಭಾ ನನ್ನ ತಲೆಯ ಬಟ್ಟೆಯನ್ನು ಪೂರಾ ಬಿಚ್ಚಿದಳು. ಹತ್ತಿ ಹಳದಿಯಾಗಿ ಅಂಟಿಕೊಂಡಿತ್ತು. ಆ ಹುಡುಗಿ ಮೂಗು ಮುಚ್ಚಿಕೊಳ್ಳದೆ ಒದ್ದೆ ಬಟ್ಟೆಯಿಂದ ನನ್ನ ಕಿವಿ ಒರೆಸಿದಳು. ನನಗೆ ನನ್ನ ಮೇಲೇ ಅಸಹ್ಯವಾಯಿತು.

ದಸರಾ ರಜೆಯಲ್ಲಿ ಶೋಭಾ ಊರಿಗೆ ಬಂದು ಪಾಠ ಶುರು ಮಾಡಿದಳು. ನಾನು ತುಟಿ ನೋಡಬಾರದೆಂದು ಬಾಯಿಗೆ ಮೊರ ಅಡ್ಡ ಹಿಡಿಯುತ್ತಿದ್ದಳು. ಮೊದಲು ಊರಿನ ಹೆಸರುಗಳು. ಮೇಡಂ ಹೇಳಿಕೊಟ್ಟ ಕ್ರಮವೇ ಅದು, ಗೊತ್ತಿರುವ ಚಿಕ್ಕ ಹೆಸರು, ದೊಡ್ಡ ಹೆಸರು. ಸಿರಾ ಎಂದರೆ ಚಿಕ್ಕ ತುಣುಕು, ಕೊರಟಗೆರೆ ಎಂದರೆ ಉದ್ದ ತುಣುಕು. ಅದು ಬೇಗ ಹಿಡಿಯಿತು. ಮಧುಗಿರಿ, ಪಾವಗಡ ಎರಡೂ ಒಂದೇ ಉದ್ದ; ಅವು ಬೇರೆಯಾಗಲು ಬಹಳ ದಿನ ಬೇಕಾಯಿತು. ಹೆಸರು ಹೇಳಿದ ಮೇಲೆ ಅವಳು ಮೊರ ಇಳಿಸಿ ಕೇಳುತ್ತಿದ್ದಳು.

"ಈಗ ಯಾವೂರು?"

"ಪಾವಗಡ."

"ಅಲ್ಲಮ್ಮ, ಮಧುಗಿರಿ. ಇನ್ನೊಂದು ಸಲ."

"ನಿನ್ನ ದನಿ ಡಬ್ಬಿ ಉಜ್ಜಿದಂಗೈತೆ ಕಣೇ. ವಾಕರಿಕೆ ಬತ್ತದೆ."

"ವಾಕರಿಕೆ ಬರ್ಬೇಕಾಗಿರೋದು ನಂಗೆ. ಬಸುರಿ ನಾನು" ಎಂದು ಹೇಳಿ ಅವಳು ಮೊರ ಮತ್ತೆ ಎತ್ತಿ ಹಿಡಿದು ನಕ್ಕಿದ್ದು ಅದೇ ತಗಡಿನ ಸದ್ದಾಗಿ ಬಂತು.

ಮೊಳೆಗಳ ಸದ್ದು ದಿನದಿನಕ್ಕೆ ಅಕ್ಷರವಾಗತೊಡಗಿತು. ತಗಡು ತಗಡೇ, ಆದರೆ ತಗಡಿನೊಳಗೆ "ಮ" ಇತ್ತು, "ಗ" ಇತ್ತು. ಕನ್ನಡ ಮೊದಲು ಬಂತು. ಮದುವೆಯಾದ ಮೇಲೆ ಕಲಿತ ತೆಲುಗು ಹಿಂದೆಯೇ ಉಳಿಯಿತು. ಅಡುಗೆಮನೆಯಲ್ಲಿ ಲಕ್ಷ್ಮಕ್ಕ ತೆಲುಗಿಗೆ ಹೊರಳಿದರೆ ಮತ್ತೆ ಕಪ್ಪೆಗಳು. ಊಟದ ಹೊತ್ತು ಮಾತ್ರ ನರಕ. ಇಷ್ಟು ವರ್ಷ ನಾನು ಮನುಷ್ಯರು ಅಗಿಯುವುದನ್ನು ಕೇಳಿರಲಿಲ್ಲ. ಸಾರು ಸುರಿಯುವುದು, ಮೂಳೆ ಚೀಪುವುದು, ಕ್ಯಾಕರಿಸುವುದು, ಬೆರಳು ನೆಕ್ಕುವುದು. ಒಂದೊಂದೂ ಮೈಕಿನಲ್ಲಿ ಕೂಗಿದಂತೆ. ನಾನು ತಟ್ಟೆ ಹಿಡಿದು ದನದ ಕೊಟ್ಟಿಗೆಗೆ ಹೋಗಿ ತಿನ್ನುತ್ತಿದ್ದೆ. ದನಗಳು ನಮಗಿಂತ ಸಭ್ಯವಾಗಿ ಅಗಿಯುತ್ತವೆ.

ಒಂದು ಬೆಳಿಗ್ಗೆ ಪಾತ್ರೆ ತೊಳೆಯುತ್ತಾ ಎಂದಿನಂತೆ ತಾತನ ಕೂಗನ್ನು ನೆನೆಸಿಕೊಂಡೆ. ಮಧುಗಿರಿ, ಮಿಡಿಗೇಶಿ, ಪಾವಗಡ. ಬಂತು, ಆದರೆ ತಗಡಿನ ದನಿಯಲ್ಲಿ. ಇನ್ನೊಮ್ಮೆ ಪ್ರಯತ್ನಪಟ್ಟೆ. ಮೊರದ ಹಿಂದಿನ ದನಿಯೇ ಬಂತು. ಅವೇ ಊರುಗಳನ್ನು ಅಷ್ಟು ದಿನ ಕೇಳಿ ಕೇಳಿ ಮಿದುಳು ಹಳೆಯದರ ಮೇಲೆ ಹೊಸದನ್ನು ಮೆತ್ತಿಬಿಟ್ಟಿತ್ತು. ಒಡ್ಡೊಡ್ಡಾದ, ಧೂಳು ಕುಡಿದ ಆ ಗಂಡಸಿನ ದನಿ ಎಲ್ಲಿಯೂ ಇರಲಿಲ್ಲ. ನಾನು ಮೆಷಿನ್ ಕಿತ್ತು ಡಬ್ಬಿಯಲ್ಲಿಟ್ಟು ಮುಚ್ಚಳ ಹಾಕಿದೆ. ಸುಮ್ಮನಿದ್ದರೆ ಹಳೆಯದು ಮರಳಬಹುದೇನೋ ಎಂದು ಕಾದೆ. ಶೋಭಾ ಕೈ ಬೀಸಿ ಬೀಸಿ ಯಾಕೆಂದು ಕೇಳಿದಳು. ಸತ್ತ ಗಂಡನ ದನಿ ಕಳೆಯಿತು ಎಂದು ಬಸುರಿ ಮಗಳಿಗೆ ಹೇಳುವುದು ಹೇಗೆ? "ತಲೆನೋವು" ಎಂದೆ. ಅವಳು ರಜೆ ಮುಗಿಸಿ ಮುಖ ಊದಿಸಿಕೊಂಡು ಹೋದಳು.

ನಾನು ಮೆಷಿನ್ ಬಿಟ್ಟ ಸುದ್ದಿ ಸಿರಾ ಸೀಮೆಯ ಬರಗೂರಿನ ನಮ್ಮ ಬೀಗರಿಗೆ ಮುಟ್ಟಿತು. ಮುಟ್ಟಿಸಿದವಳು ಯಾರೆಂದು ಹೇಳಬೇಕಾಗಿಲ್ಲ. ಬೀಗಿತ್ತಿ, ಅಂದರೆ ನಿಮ್ಮ ಸಿರಾ ಅಜ್ಜಿ, ಬಂದು ಕಾಫಿ ಕುಡಿದು, ಬಾಣಂತನ ತಮ್ಮ ಮನೆಯಲ್ಲೇ ಎಂದು ಹೇಳಿ ಹೋದರು. ತುಟಿಯಿಂದ ಓದಿದೆ. ತಲೆ ತಗ್ಗಿಸಿದೆ.

ದೀಪಾವಳಿಗೆ ಶೋಭಾ ಬಂದಾಗ ಕಡಲೆಕಾಯಿ ಗಿಡ ಕಿತ್ತು ಅಂಗಳದಲ್ಲಿ ರಾಶಿ ಹಾಕಿದ್ದೆವು. ಕಾಯಿ ಬಿಡಿಸಲು ಮಿಡಿಗೇಶಿ ಕಡೆಯ ಹೆಂಗಸರು ಬಂದಿದ್ದರು. ಶೋಭಾ ಡಬ್ಬಿ ತೆಗೆದು, ಮೆಷಿನ್ ನನ್ನ ಕಿವಿಗೆ ಸಿಕ್ಕಿಸಿ, ಬಿಲ್ಲೆ ತಲೆಗೆ ಅಂಟಿಸಿದಳು. ಅವಳ ಕಣ್ಣು ಕೆಂಪಗಿತ್ತು. "ಇವತ್ತೊಂದಿನ, ನನಗೋಸ್ಕರ" ಎಂದಳು. ನಾನು ರಾಶಿಯ ಆಚೆ, ಹೆಂಗಸರಿಗೆ ಬೆನ್ನು ಹಾಕಿ ಕೂತೆ. ಗಿಡದ ಸರಸರ, ಕಾಯಿ ಕಿತ್ತ ಚಟಚಟ, ಅದರ ಮೇಲೆ ಲಕ್ಷ್ಮಕ್ಕನ ದನಿ. ಬಂದ ಹೆಂಗಸರು ಕನ್ನಡದವರಾದ್ದರಿಂದ ಅವಳು ಕನ್ನಡವನ್ನೇ ಆಡುತ್ತಿದ್ದಳು. ನಾನು ಕೇಳಬೇಕೆಂದು ಕೇಳಲಿಲ್ಲ. ಸರಸರದೊಳಗಿಂದ ಮಾತು ಉದುರಿತು, ಹಿಂದೆ ತೆಲುಗು ಉದುರಿದ ಹಾಗೆಯೇ.

"ಬೀಗ್ರು ಮಾಡಿದ್ದೇ ಸರಿ ಕಣ್ರೇ. ಈ ಕಿವುಡಿ ಕೈಗೆ ಹಸಿಮಗೀನ ಕೊಟ್ಬುಟ್ರೆ ಆಯ್ತು ಕತೆ. ನಮ್ ಮೈದ್ನ ಸಾಯೋ ದಿನ ಜಗಲಿ ಮ್ಯಾಲೆ ಎದೆ ಹಿಡ್ಕಂಡು ಗಂಗಾ, ಗಂಗಾ ಅಂತ ಕೂಗ್ತಾ ಅವ್ನೆ, ಈಯಮ್ಮ ಒಳಗೆ ಪಟಪಟಾಂತ ರೊಟ್ಟಿ ತಟ್ತಾ ಅವ್ಳೆ. ಅಳಾದೋ ನಗಾದೋ ಹೇಳ್ರಿ."

ಯಾರೋ ಕಿಸಕ್ಕೆಂದರು. ತುಟಿ ನೋಡದೆ ನಾನು ತಿಳಿದುಕೊಂಡ ಮೊದಲನೇ ದೊಡ್ಡ ಮಾತು ಅದು.

ಅವರು ನನ್ನನ್ನು ಕೂಗಿದ್ದರು ಎಂಬುದೇ ನನಗೆ ಗೊತ್ತಿರಲಿಲ್ಲ. ರೊಟ್ಟಿ ತೆಗೆದುಕೊಂಡು ಹೋದಾಗ ಗೋಡೆಗೆ ಒರಗಿ ತಣ್ಣಗಾಗಿದ್ದರು. ನಿದ್ದೆಯಲ್ಲಿ ಹೋದರು ಎಂದು ಎಲ್ಲರೂ ಹೇಳಿದರು. ನಾನೂ ನಂಬಿದ್ದೆ.

ತಿರುಗದೆಯೇ ಕೇಳಿದೆ. "ಅಕ್ಕ, ಎಷ್ಟು ಸಲ ಕೂಗಿದ್ರು?"

ಚಟಚಟ ನಿಂತಿತು.

"ಏನಂದೆ?"

"ಅವ್ರು ನನ್ನ ಎಷ್ಟು ಸಲ ಕೂಗಿದ್ರು ಅಂದೆ."

"ಎರಡ್ಮೂರು ಸಲ ಕೂಗಿರ್ಬೌದು ಕಣಮ್ಮ. ನಂಗೇನ್ ಗೊತ್ತು, ಹಿಟ್ಟು ಜರಡಿ ಹಿಡೀತಿದ್ದೆ."

"ನಿನ್ಗೆ ಕೇಳಿಸ್ತಲ್ಲ. ಬಂದು ನನ್ನ ಭುಜ ಮುಟ್ಬೌದಿತ್ತಲ್ಲ."

"ನೀರಿಗೇನೋ ಕೂಗ್ತಾನೆ ಅಂದ್ಕಂಡೆ. ನೀನೇ ಹೋಗ್ತೀಯ ಅಂತ ಸುಮ್ಕಾದೆ."

"ಕಿವುಡಿ ಹೆಂಗೆ ಹೋಗ್ತಾಳಕ್ಕ?"

ಅವಳು "ಮೆಷಿನ್ ಕೆಲ್ಸ ಮಾಡ್ತೈತೆ ಅಂತ ಮುಂಚೆನೇ ಒಂದ್ ಮಾತು ಹೇಳ್ಬಾರ್ದಾ ನೀನು" ಎಂದು ನನ್ನ ಮೇಲೇ ಮುನಿಸಿಕೊಂಡಳು. ವಯಸ್ಸಾದ ಒಬ್ಬ ಹೆಂಗಸು "ಬುಡಮ್ಮ, ಕಾಯಿ ಬುಡ್ಸು" ಎಂದಳು. ಮತ್ತೆ ಚಟಚಟ ಶುರುವಾಯಿತು. ನನಗೆ ಅವಳ ಮೇಲೆ ಸಿಟ್ಟು ಬರಲಿಲ್ಲ, ಹೇಸಿಗೆ ಬಂತು. ಎರಡು ಒಳ್ಳೇ ಕಿವಿ ಇದ್ದವಳು ಜರಡಿ ಕೆಳಗಿಡದೆ ಕೂತಿದ್ದಳು. ಕೂತಿದ್ದನ್ನು ಇಷ್ಟು ವರ್ಷ ನಗೆಯ ಮಾತು ಮಾಡಿ ಹಂಚಿದ್ದಳು.

ಆ ಮಧ್ಯಾಹ್ನ ಕೊಟ್ಟಿಗೆಯಲ್ಲಿ ಕೂತು, ಅವರು "ಗಂಗಾ" ಎಂದು ಕೂಗಿದ್ದು ಹೇಗಿದ್ದಿರಬಹುದು ಎಂದು ನೆನೆಸಿಕೊಂಡೆ. ನಾನು ಕೇಳಿಯೇ ಇರದ ಕೂಗು ಅದು. ಬಂತು. ತಗಡಿನ ದನಿಯಲ್ಲಿಯೇ ಬಂತು. ಬೇರೆ ಯಾವ ದನಿಯಲ್ಲಿ ಬರಬೇಕು? ನನ್ನ ಹತ್ತಿರ ಈಗ ಉಳಿದಿದ್ದ ಕಿವಿ ಅದೊಂದೇ. ಅಸಹ್ಯವೆನಿಸಿದರೂ ಆ ಕೂಗನ್ನು ಮತ್ತೆ ಮತ್ತೆ ಕೇಳಿದೆ. ಆಮೇಲೆ ಎದ್ದು ಶೋಭಾಳ ಹತ್ತಿರ ಹೋಗಿ "ಬಾಣಂತನ ಇಲ್ಲೇ" ಎಂದೆ. ಅವಳು ಬರಗೂರಿಗೆ ಫೋನು ಮಾಡಿದಳು. ಬೀಗಿತ್ತಿ ಒಪ್ಪಿದರು, ಒಂದು ಕರಾರಿನ ಮೇಲೆ: ಅವರೂ ಬಂದು ಇರುತ್ತಾರೆ, ಮಗುವಿನ ಅಳು ಒಂದು ಸಲ ನನಗೆ ಕೇಳಿಸದೆ ಹೋದರೂ ತಾಯಿ, ಮಗು ಇಬ್ಬರನ್ನೂ ಕರೆದುಕೊಂಡು ಹೋಗುತ್ತಾರೆ.

ಸಂಕ್ರಾಂತಿಯ ಹಿಂದೆಮುಂದೆ ನೀನು ಹುಟ್ಟಿದೆ, ಭೂಮಿ. ಮಧುಗಿರಿಯ ಆಸ್ಪತ್ರೆಯಲ್ಲಿ ನಿನ್ನನ್ನು ಬಟ್ಟೆಯಲ್ಲಿ ಸುತ್ತಿ ನನ್ನ ಕೈಗಿಟ್ಟರು. ನೀನು ಬಾಯಿ ತೆರೆದೆ. ನಿಜ ಬರೆಯುತ್ತೇನೆ, ಅಂಥ ಕೆಟ್ಟ ಸದ್ದನ್ನು ನಾನು ಕೇಳಿರಲಿಲ್ಲ. ತಗಡಿನ ಶೀಟನ್ನು ಗರಗಸದಿಂದ ಕೊಯ್ದ ಹಾಗೆ. ಕೈ ತಾನಾಗಿ ಬಿಲ್ಲೆಯ ಕಡೆ ಹೋಯಿತು. ಬಾಗಿಲಲ್ಲಿ ಬೀಗಿತ್ತಿ ನಿಂತಿದ್ದರು. ಕೈ ಇಳಿಸಿದೆ.

ಮನೆಗೆ ಬಂದಮೇಲೆ ಮತ್ತೆ ಅದೇ ಓಮ, ಅದೇ ಬೆಳ್ಳುಳ್ಳಿ ಸಿಪ್ಪೆ. ಲಕ್ಷ್ಮಕ್ಕ ಬಟ್ಟೆಯ ಪಟ್ಟಿ ಹರಿದು ತಂದಳು. ಶೋಭಾಗೆ ಕಟ್ಟಿದಳು, ನಿನಗೆ ಕುಲಾವಿ ಹಾಕಿದಳು, ನನ್ನ ತಲೆಗೂ ಕೈ ಚಾಚಿದಳು. "ನಂಗೆ ಬ್ಯಾಡಕ್ಕ" ಎಂದೆ. ಹಜಾರದಲ್ಲಿ ಬೀಗಿತ್ತಿ ಬೆಳಿಗ್ಗೆಯಿಂದ ಟಿವಿ ಹಾಕಿಕೊಂಡು ಕೂರುತ್ತಿದ್ದರು. ಟಿವಿ ಇದ್ದರೆ ನನಗೆ ಎಲ್ಲವೂ ಕಲಸಿದ ಹಿಟ್ಟು. ಅಳು ಯಾವುದು, ಧಾರಾವಾಹಿ ಯಾವುದು ತಿಳಿಯದು. ಎರಡು ದಿನ ನಾಚಿಕೊಂಡೆ. ಮೂರನೇ ದಿನ ಹೋಗಿ ವೈರು ಕಿತ್ತೆ.

"ಯಾಕ್ರೀ ಬೀಗ್ರೇ?"

"ಮಗು ಅಳೋದು ಕೇಳ್ಬೇಕು ನಂಗೆ."

ಬೀಗಿತ್ತಿ ನನ್ನನ್ನು ನೋಡಿದರು, ವೈರನ್ನು ನೋಡಿದರು. "ಆಮ್ಯಾಕೆ ಸಂಜೆಗಾದ್ರೂ ಹಾಕ್ತೀರಾ?" ಎಂದರು.

"ಮಗು ಮಲಗಿದ್ರೆ ನೋಡಾನ."

ರಾತ್ರಿ ಮೆಷಿನ್ ಬಿಚ್ಚಿ ಒಣಗಲು ಇಡಬೇಕು. ಆಗ ನನ್ನ ಸೆರಗಿನ ತುದಿಯನ್ನು ಶೋಭಾಳ ಮಣಿಕಟ್ಟಿಗೆ ಕಟ್ಟಿಕೊಂಡು ಮಲಗುತ್ತಿದ್ದೆ. ಅವಳು ಎಳೆದರೆ ಏಳುತ್ತಿದ್ದೆ. ಹಗಲು ನೀನು ಅಳುತ್ತಿದ್ದೆ, ನಾನು ಓಡುತ್ತಿದ್ದೆ. ಆ ಗರಗಸ ಎಂದೂ ಇಂಪಾಗಲಿಲ್ಲ. ಆದರೆ ಒಂದು ಗರಗಸ ಹಲವಾಯಿತು. ಹಸಿವಿಗೆ ಕೊಯ್ಯುವುದು ಕೆಳಗಿನಿಂದ ಏರುತ್ತಿತ್ತು, ಹೊಟ್ಟೆನೋವಿಗೆ ಒಮ್ಮೆಲೇ ಮೇಲಿನಿಂದ ಬೀಳುತ್ತಿತ್ತು, ಒದ್ದೆಯಾದರೆ ತುಂಡುತುಂಡು. ಯಾರೂ ಮೊರ ಅಡ್ಡ ಹಿಡಿದು ಇದನ್ನು ಕಲಿಸಲಿಲ್ಲ. ಕಿವಿ ಮೇಡಂಗೆ ಹೇಳಿದಾಗ ಅವಳು ತಲೆದೂಗಿದಳು. "ಸಹಜವಾಗಿ ಕೇಳಿಸ್ತಾ ಇದೆಯಾಮ್ಮ?" ಎಂದು ಕೇಳಿದಳು. ಏನೆಂದು ಹೇಳಲಿ? ಶೋಭಾ ಹುಟ್ಟಿದಾಗ ಅತ್ತಿದ್ದನ್ನು ಒಳ್ಳೇ ಕಿವಿಯಿಂದ ಕೇಳಿದ್ದವಳು ನಾನು, ಅದು ಹೇಗಿತ್ತೆಂದು ನೆನಪೇ ಬರುತ್ತಿರಲಿಲ್ಲ. ಮಗು ಎಂದರೆ ಹೀಗೇ ಅಳುತ್ತದೆ ಎಂದು ಮಿದುಳು ಒಪ್ಪಿಕೊಂಡುಬಿಟ್ಟಿತ್ತು. ತಾತನ ದನಿ ಹೇಗಿತ್ತು ಎಂದು ನೀವು ಕೇಳಿದಾಗಲೆಲ್ಲ ನಾನು "ಒಡ್ಡೊಡ್ಡು ದನಿ" ಎಂದು ಹೇಳುತ್ತೇನಲ್ಲ, ಅದು ಮಾತು ಮಾತ್ರ. ಒಳಗೆ ಕೇಳಿಸುವುದು ತಗಡು. ಆ ವರ್ಷ ಕೊಟ್ಟದ್ದು ಒಂದು, ತೆಗೆದುಕೊಂಡದ್ದು ಒಂದು.

ಎರೆಯುವುದು ನನ್ನ ಕೆಲಸವಾಗಿತ್ತು. ಬಚ್ಚಲಲ್ಲಿ ಕಾಲು ಚಾಚಿ ನಿನ್ನನ್ನು ಮೊಣಕಾಲಿನಿಂದ ಕೆಳಗೆ ಮಲಗಿಸಿ ನೀರು ಹುಯ್ಯುವುದು. ಆವಿಗೆ ಮೆಷಿನ್ ಕೆಡಬಾರದೆಂದು ಅದನ್ನು ಬಿಚ್ಚಿಡಲು ಹೇಳಿದ್ದರು. ನಾನು ಬಿಚ್ಚಲಿಲ್ಲ, ಬಾಗಿಲು ತೆರೆದಿಟ್ಟು ಆವಿ ಹೊರಗೆ ಬಿಟ್ಟೆ. ಎಣ್ಣೆಯ ಜಿಡ್ಡು, ಕಡಲೆಹಿಟ್ಟಿನ ಲೋಳೆ, ನೀನು ಹಸುರಾಗಿ ಕಕ್ಕ ಮಾಡಿದ್ದು, ಎಲ್ಲವೂ ನನ್ನ ಕಾಲಮೇಲೆ. ಮೊದಲ ವಾರಗಳಲ್ಲಿ ನೀನು ಅತ್ತ ಕೂಡಲೇ ಶೋಭಾ ತಲೆಬಟ್ಟೆ ಹಿಡಿದುಕೊಂಡು ಬಾಗಿಲಿಗೆ ಬಂದು ನಿಲ್ಲುತ್ತಿದ್ದಳು. ನನಗೆ ಕೇಳಿಸುತ್ತಿದೆಯೇ ಎಂದು ನೋಡುತ್ತಿದ್ದಳು. ಬೀಗಿತ್ತಿಯೂ ಅವಳ ಹಿಂದೆ ಇಣುಕುತ್ತಿದ್ದರು. ಶಿವರಾತ್ರಿಯ ಹೊತ್ತಿಗೆ ಬೀಗಿತ್ತಿ ತಮ್ಮ ಚೀಲ ಹಿಡಿದು ಒಬ್ಬರೇ ಬಸ್ಸು ಹತ್ತಿ ಹೋದರು. ಶೋಭಾ ಮಾತ್ರ ಬಾಗಿಲಿಗೆ ಬರುವುದನ್ನು ಬಿಟ್ಟಿರಲಿಲ್ಲ.

ಆಮೇಲೆ ಒಂದು ಬೆಳಿಗ್ಗೆ ನೀನು ಬಚ್ಚಲಲ್ಲಿ ಎಂದಿಗಿಂತ ಜೋರಾಗಿ ಕಿರುಚಿದೆ. ತಗಡು ಹರಿದು ಎರಡಾದಂತೆ. ನನ್ನ ಹಲ್ಲು ಜುಮ್ಮೆಂದಿತು. ನೋವಿನ ಅಳು ಅದಲ್ಲ, ನೀರು ಸಾಕು ಎನ್ನುವ ಅಳು ಎಂದು ಗೊತ್ತಿತ್ತು. ಆದರೂ ಬಾಗಿಲ ಕಡೆ ನೋಡಿದೆ, ಶೋಭಾ ಬರುತ್ತಾಳೆಂದು. ಬಾಗಿಲಲ್ಲಿ ಯಾರೂ ಇರಲಿಲ್ಲ. ನೀನು ಉಸಿರೆಳೆದುಕೊಂಡ ಸಂದಿನಲ್ಲಿ, ಒಳಮನೆಯಿಂದ, ಹಗ್ಗದ ಮಂಚ ಒಮ್ಮೆ ಕಿರ್ರೆಂದದ್ದು ಕೇಳಿಸಿತು. ಶೋಭಾ ಎಚ್ಚರವಾಗಿದ್ದಳು. ಎದ್ದು ಬರಲಿಲ್ಲ, ಅಮ್ಮನಿಗೆ ಕೇಳಿಸುತ್ತದೆ ಎಂದು ಮಗ್ಗುಲು ಬದಲಿಸಿದಳು. ಮಂಚ ಇನ್ನೊಂದು ಸಲ ಸದ್ದು ಮಾಡಲಿಲ್ಲ.